ಎಡಗಡೆಯ ಶಾಫ್ಟು ಮತ್ತು ನನ್ನ ಇಪ್ಪತ್ತೆರಡು ವರ್ಷಗಳ ಅನುಭವ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ದೊಡ್ಡ ಗುಣ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಅವರು ಆ ಗೊತ್ತಿಲ್ಲದ ವಿಷಯವನ್ನು ಇಪ್ಪತ್ತೆರಡು ವರ್ಷ ಕಲಿಸಿರುವುದಿಲ್ಲ. ಅಡುಗೆ ಬಾರದ ಗಂಡಸು ತನಗೆ ಅಡುಗೆ ಬಾರದು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಈಜು ಬಾರದವನು ಬಾವಿಯ ದಂಡೆಯ ಮೇಲೆ ಕೂತು ಬಟ್ಟೆ ಕಾಯ್ದರೆ ಅವನಿಗೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಈಜು ಕಲಿಸುವ ಮಾಸ್ತರನೇ ಇಪ್ಪತ್ತೆರಡು ವರ್ಷ ದಂಡೆಯ ಮೇಲೆ ಕೂತು, ಕೈ ಹೀಗೆ ಬೀಸು, ಕಾಲು ಹಾಗೆ ಬಡಿ ಎಂದು ಹೇಳಿಕೊಂಡು, ಒಮ್ಮೆಯೂ ನೀರಿಗೆ ಇಳಿದಿಲ್ಲ ಅನ್ನಿ. ಅವನು ಬಾಯಿ ಬಿಟ್ಟು ನಿಜ ಹೇಳಲು ಸಾಧ್ಯವೇ? ಆ ಮಾಸ್ತರ ನಾನು. ನೀರಿನ ಜಾಗದಲ್ಲಿ ಕಾರಿನ ಡ್ರೈವ್ ಶಾಫ್ಟನ್ನು ಇಟ್ಟುಕೊಂಡರೆ ನನ್ನ ಕಥೆ ಪೂರ್ತಿಯಾಯಿತು.

ನಾನು ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಥಿಯರಿ ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ, ಊಟ ಹಾಕುವ ಮನೆ ಅದು. ಈಗಿನ ಸಣ್ಣ ಕಾರುಗಳಲ್ಲಿ ಇಂಜಿನ್ನು ಮುಂದಿನ ಗಾಲಿಗಳನ್ನೇ ತಿರುಗಿಸುತ್ತದೆ. ಗೇರ್ ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ಸರಳು ಹೊರಟು ಗಾಲಿಯನ್ನು ಸೇರುತ್ತದೆ. ಅವೇ ಡ್ರೈವ್ ಶಾಫ್ಟುಗಳು. ಗಾಲಿ ಕುಣಿದರೆ ಶಾಫ್ಟೂ ಕುಣಿಯಬೇಕು, ಗಾಲಿ ಹೊರಳಿದರೆ ಅದೂ ಬಾಗಬೇಕು, ಇಷ್ಟೆಲ್ಲ ಮಾಡುತ್ತ ತಿರುಗುವುದನ್ನು ಮಾತ್ರ ನಿಲ್ಲಿಸಬಾರದು. ಅದಕ್ಕೆಂದು ಎರಡೂ ತುದಿಗೆ ಒಂದೊಂದು ಜಾಯಿಂಟು, ಜಾಯಿಂಟಿಗೆ ಗ್ರೀಸು, ಗ್ರೀಸು ಚೆಲ್ಲದಂತೆ ಅದಕ್ಕೊಂದು ರಬ್ಬರಿನ ಬೂಟು. ಕೂಡು ಕುಟುಂಬದ ಹಿರಿ ಸೊಸೆಗೂ ಇಂಥದೇ ಕೆಲಸ ಎಂದು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ಪ್ರತಿ ವರ್ಷ ಅದೇ ಜಾಗದಲ್ಲಿ ಹೇಳುತ್ತೇನೆ, ಪ್ರತಿ ವರ್ಷ ಬೇರೆ ಹುಡುಗರು ನಗುತ್ತಾರೆ. ಇದನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದೆನೆಂದರೆ ಪಕ್ಕದ ವೆಲ್ಡಿಂಗ್ ವಿಭಾಗದವರೂ ಬಾಗಿಲಲ್ಲಿ ನಿಂತು ನೋಡುತ್ತಾರೆ. ಆದರೆ ಒಂದು ಶಾಫ್ಟನ್ನೂ ನಾನು ನನ್ನ ಕೈಯಿಂದ ಬಿಚ್ಚಿರಲಿಲ್ಲ. ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಇದ್ದದ್ದು ಹಿಂದಿನ ಗಾಲಿ ತಿರುಗುವ ಒಂದೊಂದು ಮುದಿ ಜೀಪು. ಮುಂದಿನ ಗಾಲಿಯ ಶಾಫ್ಟು ನಮ್ಮಲ್ಲಿ ಗೋಡೆಯ ನಕ್ಷೆಯಲ್ಲಿ ಮಾತ್ರ ಇತ್ತು. ಒಂದು ಮಳೆಗಾಲ ಆ ನಕ್ಷೆಯ ಎಡ ಅರ್ಧವನ್ನು ಗೆದ್ದಲು ತಿಂದು ಹಾಕಿತು. ಆ ವರ್ಷದ ಹುಡುಗರು ಪರೀಕ್ಷೆಯಲ್ಲಿ, ಕಾರಿಗೆ ಒಂದೇ ಶಾಫ್ಟು ಇರುತ್ತದೆ, ಅದು ಬಲಕ್ಕೆ ಇರುತ್ತದೆ ಎಂದು ಬರೆದರು. ಅರ್ಧ ಅಂಕ ಕೊಟ್ಟೆ. ಉತ್ತರ ಅರ್ಧ ಸರಿಯಿತ್ತಲ್ಲ.

ಆಳಂದದಲ್ಲಿ ಎಂಟು ವರ್ಷ, ಅಫಜಲಪುರದಲ್ಲಿ ಆರು, ಈಗ ಜೇವರ್ಗಿಯಲ್ಲಿ ಎಂಟು ವರ್ಷ ಹೀಗೆ ಪಾಠ ಹೇಳಿದ್ದರಿಂದ ಏನಾಗಿದೆ ಎಂದರೆ, ಈ ಮೂರೂ ತಾಲೂಕಿನ ಬಹುತೇಕ ಗ್ಯಾರೇಜುಗಳಲ್ಲಿ ನನ್ನ ಶಿಷ್ಯರೇ ತುಂಬಿದ್ದಾರೆ. ರಸ್ತೆಯಲ್ಲಿ ಹೋಗುವಾಗ ಲಾರಿಯ ಕೆಳಗಿನಿಂದ "ನಮಸ್ಕಾರ್ರಿ ಸರ್" ಎಂಬ ಧ್ವನಿ ಬರುತ್ತದೆ, ಎರಡು ಕಾಲು ಮಾತ್ರ ಕಾಣುತ್ತವೆ. ಕಾಲು ನೋಡಿ ಯಾವ ವರ್ಷದ ಹುಡುಗ ಎಂದು ಗುರುತಿಸುವ ಶಕ್ತಿ ನನಗಿಲ್ಲ, ಆದರೂ "ಆರಾಮ ಇದ್ದೀಯೇನಪ್ಪಾ" ಎಂದು ಆ ಕಾಲುಗಳನ್ನೇ ಮಾತಾಡಿಸಿ ಮುಂದೆ ಹೋಗುತ್ತೇನೆ. ಹೆಚ್ಚು ಹೊತ್ತು ನಿಂತರೆ ಅಪಾಯ. ಅವರು ಹೊರಗೆ ಬಂದು, ಕೈ ಒರೆಸಿಕೊಂಡು, ಚಹಾ ತರಿಸಿ, ಗಿರಾಕಿಗಳ ಮುಂದೆ, "ನಮ್ಮ ಸರ್ ಇವರು, ಇವರಿಗೆ ಗೊತ್ತಿರಲಾರದ್ದು ಗಾಡ್ಯಾಗ ಒಂದು ನಟ್ಟೂ ಇಲ್ಲ" ಎಂದುಬಿಡುತ್ತಾರೆ. ಅಷ್ಟರಲ್ಲಿ ಆ ಗಿರಾಕಿ, "ಹಂಗಾರ ನಮ್ಮ ಗಾಡಿ ಜರಾ ನೋಡ್ರಿ ಸರ್" ಅನ್ನುತ್ತಾನೆ. ನಾನು ಬಾನೆಟ್ಟಿನೊಳಗೆ ಗಂಭೀರವಾಗಿ ಬಗ್ಗಿ ನೋಡಿ, "ಹೂಂ, ನೀನು ಮಾಡಾಕತ್ತಿದ್ದು ಬರೋಬ್ಬರಿ ಅದ" ಎಂದು ಶಿಷ್ಯನ ಬೆನ್ನು ತಟ್ಟಿ ಬಸ್ಸಿಗೆ ಹೊತ್ತಾಯಿತೆಂದು ಓಡುತ್ತೇನೆ. ಹೀಗೆ ಬೆನ್ನು ತಟ್ಟಿ ತಟ್ಟಿಯೇ ನನ್ನ ಕೀರ್ತಿ ಬೆಳೆದದ್ದು.

ಇಂಥ ಕೀರ್ತಿವಂತನ ಸ್ವಂತ ಕಾರಿನ ಎಡಗಡೆಯ ಶಾಫ್ಟಿನಲ್ಲಿ ಒಂದು ದಿನ ಸಪ್ಪಳ ಶುರುವಾಯಿತು. ನೇರ ಹೋಗುವಾಗ ಏನೂ ಇಲ್ಲ. ಸ್ಟೇರಿಂಗ್ ಪೂರ್ತಿ ತಿರುವಿದರೆ ಕಟ ಕಟ ಕಟ. ನನ್ನ ಹೆಂಡತಿ ಶಿವಲೀಲಾ ಪಕ್ಕದಲ್ಲಿ ಕೂತಿದ್ದಳು. "ಯಾರೋ ಒಳಗ ಕೂತು ಪುಟಾಣಿ ತಿನ್ನಾಕತ್ತಾರ್ರಿ" ಅಂದಳು. ಪುಟಾಣಿ ಎಂದರೆ ನಮ್ಮ ಕಡೆ ಹುರಿಗಡಲೆ. ನನಗೆ ಒಳಗೊಳಗೇ ಸಂತೋಷವಾಯಿತು, ಏಕೆಂದರೆ ರೋಗ ಯಾವುದು ಎಂದು ನನಗೆ ತಕ್ಷಣ ತಿಳಿದಿತ್ತು. ಹೊರಗಿನ ಬೂಟು ಹರಿದಿದೆ, ಗ್ರೀಸು ಹೋಗಿದೆ, ನಮ್ಮ ಎರೆಮಣ್ಣಿನ ಧೂಳು ಒಳಗೆ ಸೇರಿದೆ, ಜಾಯಿಂಟಿನ ಗುಂಡುಗಳು ಸವೆದಿವೆ. ಮನೆ ಮುಟ್ಟುವವರೆಗೆ ಇದನ್ನೆಲ್ಲ ಆಕೆಗೆ ವಿವರಿಸಿದೆ. ಆಕೆ ಪೂರ್ತಿ ಕೇಳಿ, "ಇಷ್ಟೆಲ್ಲ ಗೊತ್ತದ ಅಂದಮ್ಯಾಲೆ ಬಿಚ್ಚಿ ಹಾಕ್ರಲಾ ಮತ್ತ" ಅಂದಳು. ಆಮೇಲೆ ನನ್ನ ಸಂತೋಷ ಉಳಿಯಲಿಲ್ಲ.

ಗ್ಯಾರೇಜಿಗೆ ಒಯ್ಯಬಹುದಿತ್ತು. ಯಾರ ಗ್ಯಾರೇಜಿಗೆ? ನನ್ನ ಕಾರನ್ನು ಒಬ್ಬ ಶಿಷ್ಯನ ಮುಂದೆ ನಿಲ್ಲಿಸಿದರೆ ಅವನು ಪಾನಾ ಅಂದರೆ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟು, "ನೀವು ಬಿಚ್ಚ್ರಿ ಸರ್, ನಾವು ನೋಡಿ ಕಲೀತೇವಿ" ಅನ್ನುವುದು ಖಂಡಿತ. ಹಾಗಾಗಿ ಆರು ವಾರ ನಾನು ಸ್ಟೇರಿಂಗನ್ನು ಪೂರ್ತಿ ತಿರುವದೆ ಬದುಕಿದೆ. ಹಿಂದಿನ ಓಣಿಯ ಸಂಗಪ್ಪನ ಅಂಗಡಿಗೆ ಹೋಗಲು ದೊಡ್ಡ ರಸ್ತೆ ಹಿಡಿದು ಊರ ಹೊರಗೆ ಹೋಗಿ, ಖಾಲಿ ಬಯಲಲ್ಲಿ ಹಗೂರಕ್ಕೆ ಹೊರಳಿ ಬರುತ್ತಿದ್ದೆ. ಮನೆಯ ಮುಂದಿನ ಬೇವಿನ ಮರದ ಕೆಳಗೆ ಕಾರು ನಿಲ್ಲಿಸುವುದನ್ನು ಬಿಟ್ಟೆ, ಅಲ್ಲಿಂದ ತೆಗೆಯಲು ಸ್ಟೇರಿಂಗ್ ತಿರುವಬೇಕಿತ್ತು. ಕಾರು ಬಿಸಿಲಲ್ಲಿ ಒಣಗಿತು. ಹೆಂಡತಿ ಕೇಳಿದರೆ, "ಎಂಜಿನ್ನಿಗೆ ಬಿಸಲ ಛಲೋ" ಎಂದೆ. ಥಿಯರಿ ಮಾಸ್ತರನ ಹೆಂಡತಿ, ನಂಬಿದಳು. ಅಥವಾ ನಂಬಿದಂತೆ ತೋರಿಸಿದಳು.

ಹೀಗೇ ಕಾಲ ಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಸಂಸ್ಥೆಗೆ ಒಂದು ಸಣ್ಣ ಕಾರು ಬಂತು. ಹಿಂದಿನಿಂದ ಯಾರೋ ಗುದ್ದಿ ಡಿಕ್ಕಿ ಅಪ್ಪಚ್ಚಿಯಾದ ಕಾರು, ಆದರೆ ಮುಂದಿನ ಭಾಗ ಗಟ್ಟಿಮುಟ್ಟಾಗಿತ್ತು. ಯಾರೋ ಪುಣ್ಯಾತ್ಮರು ಹುಡುಗರ ಕಲಿಕೆಗೆಂದು ದಾನ ಕೊಟ್ಟಿದ್ದರು. ನಮ್ಮ ಪ್ರಿನ್ಸಿಪಾಲರು ಅದಕ್ಕೆ ಹಾರ ಹಾಕಿ, ಶೆಡ್ಡಿನಲ್ಲಿಟ್ಟು ಬೀಗ ಜಡಿದು, ನನ್ನನ್ನು ಕರೆದು ಹೇಳಿದರು: "ಸೋಮವಾರ ಮೇಲಿನ ಆಫೀಸಿನಿಂದ ಸಾಹೇಬರು ತಪಾಸಣೆಗೆ ಬರ್ತಾರ. ಅವರ ಮುಂದ ನೀವು ಎಡಗಡೆ ಡ್ರೈವ್ ಶಾಫ್ಟು ಬಿಚ್ಚಿ, ತಿರುಗಿ ಕೂಡಿಸಿ ತೋರಿಸ್ಬೇಕು. ನಿಮಗೇನು, ಎಡಗೈ ಕೆಲಸ." ನಾನು ಮುಗುಳ್ನಕ್ಕೆ. ಆ ನಗು ಮುಖದ ಮೇಲೆ ಅಂಟಿಕೊಂಡು ಮನೆಗೆ ಬರುವವರೆಗೆ ಬಿಡಲಿಲ್ಲ. ಶೆಡ್ಡಿನ ಕಾರಿನ ಮೇಲೆ ಅಭ್ಯಾಸ ಮಾಡುವ ಹಾಗಿರಲಿಲ್ಲ, ಬೀಗದ ಕೈ ಪ್ರಿನ್ಸಿಪಾಲರ ಉಡದಾರದಲ್ಲಿತ್ತು. ನಲವತ್ತು ಹುಡುಗರು, ಒಬ್ಬ ಸಾಹೇಬ, ಇಪ್ಪತ್ತೆರಡು ವರ್ಷದ ಮರ್ಯಾದೆ, ಇವೆಲ್ಲ ಸೋಮವಾರ ಒಂದೇ ಕಡೆ ಸೇರಲಿದ್ದವು. ಉಳಿದ ದಾರಿ ಒಂದೇ. ಭಾನುವಾರ ನನ್ನ ಕಾರಿನ ಶಾಫ್ಟನ್ನೇ ಬಿಚ್ಚಿ ಕಲಿಯಬೇಕು, ಅದೂ ಶಿಷ್ಯರ ಕಣ್ಣಿಗೆ ಬೀಳದ ಜಾಗದಲ್ಲಿ.

ಅಂಥ ಜಾಗ ಎಂದರೆ ಅಫಜಲಪುರ ತಾಲೂಕಿನ ಅತನೂರ, ನನ್ನ ಹೆಂಡತಿಯ ತವರು. ಅಲ್ಲಿ ದೊಡ್ಡ ಅಂಗಳವಿದೆ, ತೊಗರಿ ಹೊಟ್ಟಿನ ಬಣವೆ ಇದೆ, ಗ್ಯಾರೇಜು ಇಲ್ಲ. ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು, ಸಾಲ ತಂದ ಹತ್ಯಾರ ಅಂದರೆ ಉಪಕರಣಗಳ ಚೀಲ ಡಿಕ್ಕಿಯಲ್ಲಿಟ್ಟು, ಎಲ್ಲೂ ಸ್ಟೇರಿಂಗ್ ಜೋರಾಗಿ ತಿರುವದೆ ಅತನೂರ ಮುಟ್ಟಿದೆ. ಹೆಂಡತಿಯ ತಮ್ಮ ಬಸವರಾಜ ಒಕ್ಕಲುತನ ಮಾಡಿಕೊಂಡಿದ್ದಾನೆ. ನನ್ನ ಮೇಲೆ ಬಹಳ ಗೌರವ. "ಮಾಮಾ, ನಾ ಏನು ಮಾಡ್ಲಿ?" ಎಂದು ಲುಂಗಿ ಎತ್ತಿ ಕಟ್ಟಿ ನಿಂತ. "ನೀ ಸುಮ್ಮ ನಿಂತು ನೋಡು" ಎಂದೆ. ಪತ್ರಿಕೆಯ ಹಾಳೆಗಳನ್ನು ನೆಲಕ್ಕೆ ಹಾಸಿದೆ. ಬಿಚ್ಚಿದ ಪ್ರತಿಯೊಂದು ನಟ್ಟು ಬೋಲ್ಟನ್ನೂ ಬಿಚ್ಚಿದ ಕ್ರಮದಲ್ಲೇ ಹಾಳೆಯ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದ ಅಂಕಿ ಬರೆಯಬೇಕು, ಕೂಡಿಸುವಾಗ ಕೊನೆಯ ಅಂಕಿಯಿಂದ ಹಿಂದಕ್ಕೆ ಬರಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಕಂಡುಹಿಡಿದು ಕಲಿಸುವ ಪದ್ಧತಿ. ಮೋಟಾರು ಶಾಸ್ತ್ರಕ್ಕೆ ನನ್ನ ಕೊಡುಗೆ ಇಷ್ಟೇ.

ಕಾರಿಗೆ ಜಾಕಿ ಕೊಟ್ಟು ಎತ್ತಿದೆ, ಕೆಳಗೆ ಒಂದು ಕಲ್ಲು ಇಟ್ಟೆ, ಗಾಲಿ ತೆಗೆದೆ. ನಡುವೆ ಶಾಫ್ಟಿನ ತುದಿಗೆ ಬಿಗಿದ ದೊಡ್ಡ ನಟ್ಟು ಕಂಡಿತು. ಅದಕ್ಕೆ ಪಾನಾ ಹಾಕಿ ಎಳೆದೆ. ನಟ್ಟು ತಿರುಗಿತು. ನನಗೆ ಆಶ್ಚರ್ಯವಾಯಿತು, ಇಷ್ಟು ಸುಲಭವೇ ಎಂದು. ಇನ್ನೂ ತಿರುವಿದೆ, ಇನ್ನೂ ತಿರುಗಿತು. ಹತ್ತು ಸುತ್ತಾಯಿತು, ಹದಿನೈದಾಯಿತು. ಬಸವರಾಜ ತಲೆ ಕೆರೆದುಕೊಂಡು, "ಮಾಮಾ, ನಟ್ಟಿನ ಸಂಗಟ ಒಳಗಿಂದೆಲ್ಲ ತಿರಗಾಕತ್ತದಲ್ರಿ" ಅಂದ. ಹೌದು, ಶಾಫ್ಟು, ಗಾಲಿ ಕೂರುವ ಹಬ್ಬು, ಎಲ್ಲ ಸೇರಿ ಗಾಣದ ಹಾಗೆ ತಿರುಗುತ್ತಿದ್ದವು. ಗಾಲಿ ನೆಲದ ಮೇಲಿರುವಾಗಲೇ, ಬ್ರೇಕು ತುಳಿಸಿಕೊಂಡು, ಆ ನಟ್ಟನ್ನು ಸಡಿಲಿಸಬೇಕು. ಈ ಸಾಲನ್ನು ಪ್ರತಿ ವರ್ಷ ಅಡಿಗೆರೆ ಹಾಕಿಸಿ ಬರೆಸುವವನು ನಾನೇ. ಗಾಲಿ ತಿರುಗಿ ಹಾಕಿ, ಕಾರು ಇಳಿಸಿ, ಶಿವಲೀಲಾಳನ್ನು ಒಳಗೆ ಕೂರಿಸಿ ಬ್ರೇಕು ತುಳಿಸಿ, ಪಾನಾಕ್ಕೆ ಕೊಳವೆ ಸಿಕ್ಕಿಸಿ, ನಾನೂ ಬಸವರಾಜನೂ ಅದರ ಮೇಲೆ ಜೋತುಬಿದ್ದಾಗ ನಟ್ಟು ಸಡಿಲಿತು. ಮತ್ತೆ ಎತ್ತಿ, ಮತ್ತೆ ಗಾಲಿ ತೆಗೆದು, ಹಬ್ಬನ್ನು ಹಿಡಿದ ಕೆಳಗಿನ ತೋಳಿನ ಬೋಲ್ಟುಗಳನ್ನು ಬಿಚ್ಚಿ ಹಾಳೆಯ ಮೇಲೆ ೧೧ರವರೆಗೆ ಸಾಲು ಹಚ್ಚಿದೆ. ಹಬ್ಬಿನಿಂದ ಶಾಫ್ಟಿನ ಹೊರತುದಿ ಬಿಡಿಸಿಕೊಂಡಿತು. ನನ್ನ ಎದೆ ಉಬ್ಬಿತು.

ಇನ್ನು ಗೇರ್ ಬಾಕ್ಸಿನ ಕಡೆಯ ತುದಿ ಮಾತ್ರ ಉಳಿದಿತ್ತು. ಶಾಫ್ಟಿನ ನಡುವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲನ್ನು ಕಾರಿಗೆ ಒತ್ತಿ, ಉಸಿರು ಕಟ್ಟಿ ಜಗ್ಗಿದೆ. ಬರಲಿಲ್ಲ. ಬಸವರಾಜ ನನ್ನ ಸೊಂಟ ಹಿಡಿದ. ಇಬ್ಬರೂ ಸೇರಿ ಜಗ್ಗಿದೆವು. ಒಮ್ಮೆಲೇ ಶಾಫ್ಟು ಕಿತ್ತು ಬಂದು ನಾವಿಬ್ಬರೂ ಹೊಟ್ಟಿನಲ್ಲಿ ಅಂಗಾತ ಬಿದ್ದೆವು. "ಬಂತು!" ಎಂದು ಮಲಗಿದಲ್ಲಿಂದಲೇ ಕೂಗಿದೆ. ಎದ್ದು ನೋಡಿದರೆ ಬಂದದ್ದು ಅರ್ಧ ಮಾತ್ರ. ಒಳಗಿನ ಜಾಯಿಂಟಿನ ಬಟ್ಟಲು ಗೇರ್ ಬಾಕ್ಸಿನಲ್ಲೇ ಉಳಿದಿತ್ತು, ಒಳ್ಳೆಯ ಬೂಟು ಹರಿದು ಜೋತಾಡುತ್ತಿತ್ತು, ಜಾಯಿಂಟಿನ ಉರುಳೆಗಳು ಬಿಚ್ಚಿಕೊಂಡು ಅದರೊಳಗಿನ ಸೂಜಿಯಂಥ ಸಣ್ಣ ಸಣ್ಣ ಕಡ್ಡಿಗಳು ತೊಗರಿ ಹೊಟ್ಟಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ನಾವು ಹುಡುಕಲು ಬಗ್ಗುವಷ್ಟರಲ್ಲಿ ಪಕ್ಕದ ಮನೆಯ ಕೋಳಿಗಳು ಬಂದವು. ಒಂದು ಕೋಳಿ ಫಳಫಳ ಹೊಳೆಯುವ ಕಡ್ಡಿಯೊಂದನ್ನು ಹೆಕ್ಕಿ, ತಲೆ ಓರೆ ಮಾಡಿ ನನ್ನನ್ನೇ ನೋಡಿ, ನುಂಗಿತು. ಆ ಕ್ಷಣದಲ್ಲಿ ನನಗೆ ಅಳು ಬಂದದ್ದನ್ನು ಮುಚ್ಚಿಡುವುದಿಲ್ಲ.

ನಾನು ಕಟ್ಟೆಯ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಾಗ ಬಸವರಾಜ ನನ್ನನ್ನು ಕೇಳದೆ ಅಫಜಲಪುರದ ಒಬ್ಬ ಗ್ಯಾರೇಜಿನ ಮಿಸ್ತ್ರಿಗೆ ಫೋನು ಮಾಡಿದ. "ಮೈಬೂಬ್ ಮಿಸ್ತ್ರಿ ಅಂತ ಅದಾನ್ರಿ ಮಾಮಾ. ಶಾಫ್ಟಿನ ಕೆಲಸಕ್ಕ ಇಡೀ ತಾಲೂಕಿನ್ಯಾಗ ಅವನ ಬಿಟ್ರ ಇಲ್ಲ. ಬಟ್ಟಲಾ ಒಳಗ ಉಳದದೋ ಹ್ಯಾಂಗ ಅಂತ ಫೋನಿನ್ಯಾಗೇ ಕೇಳಿದ. ಹೌದಂದೆ. ಹಂಗಾರ ಪೂರಾ ಶಾಫ್ಟೇ ತರ್ತೀನಿ ಅಂದ." ಹೆಸರು ಕೇಳಿ ಕಟ್ಟೆಯಿಂದ ಎದ್ದು ನಿಂತೆ. ಮೈಬೂಬ ನನ್ನ ಶಿಷ್ಯ. ಥಿಯರಿಯಲ್ಲಿ ನಾನು ಎರಡು ಸಲ ಫೇಲು ಮಾಡಿದ ಶಿಷ್ಯ. ಡ್ರೈವ್ ಶಾಫ್ಟು ಬಿಚ್ಚುವ ಕ್ರಮವನ್ನು ವಿವರಿಸಿ ಎಂದು ಕೇಳಿದ ಪ್ರಶ್ನೆಗೆ ಅವನು, "ಗಾಡಿ ನೋಡಿ ಹೇಳತೇನಿ" ಎಂದು ಒಂದೇ ಸಾಲು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಹಾಕಿ, ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ್ದೆ. ಈಗ ಅವನು ಗಾಡಿ ನೋಡಲು ಬರುತ್ತಿದ್ದ. "ನಾ ಇಲ್ಲಿ ಅದೀನಿ ಅಂತ ಹೇಳಬ್ಯಾಡ" ಎಂದು ಬಸವರಾಜನಿಂದ ಮಾತು ತೆಗೆದುಕೊಂಡು, ಒಳಕೋಣೆಗೆ ಹೋಗಿ ಕಿಟಕಿಯ ಮರೆಯಲ್ಲಿ ನಿಂತೆ. ಶಿವಲೀಲಾ ನನ್ನನ್ನು ನೋಡಿ ಒಂದು ಚೊಂಬು ನೀರು ತಂದಿಟ್ಟು ಹೋದಳು.

ಮೈಬೂಬ ಮೋಟಾರ್ ಸೈಕಲ್ಲಿನ ಹಿಂದೆ ಶಾಫ್ಟು ಕಟ್ಟಿಕೊಂಡು ಬಂದ. ಕೂದಲು ಅಲ್ಲಲ್ಲಿ ನೆರೆತಿತ್ತು, ಮೈ ದಪ್ಪಗಾಗಿತ್ತು. ಕಾರಿನ ಹತ್ತಿರ ಬಂದವನು ಹತ್ಯಾರ ಮುಟ್ಟಲಿಲ್ಲ. ಕುಕ್ಕರುಗಾಲಲ್ಲಿ ಕೂತು ಸುಮ್ಮನೆ ನೋಡಿದ. ಎದ್ದು, ಮೊದಲು ಬಿಚ್ಚಿಟ್ಟಿದ್ದ ಗಾಲಿಯನ್ನು ಉರುಳಿಸಿ ತಂದು ಕಾರಿನ ಕೆಳಗೆ ಅಡ್ಡ ಮಲಗಿಸಿದ. "ಕಲ್ಲಿನ ಮ್ಯಾಲೆ ಗಾಡಿ ನಂಬಬಾರದ್ರಿ ಗೌಡ್ರ, ಒಡದ್ರ ಹೋತು" ಎಂದ. ಆಮೇಲೆ ಅವನ ಕಣ್ಣು ಪತ್ರಿಕೆಯ ಹಾಳೆಯ ಮೇಲೆ ಬಿತ್ತು. ೧, ೨, ೩ ಎಂದು ಬೆರಳಿಟ್ಟು ೧೧ರವರೆಗೆ ಹೋದ. "ಯಾರು ಬಿಚ್ಚಿದ್ರು ಇದನ್ನ?" ಎಂದು ಕೇಳಿದ. ಬಸವರಾಜನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಒಬ್ಬ ಹೊಸಾ ಮಿಸ್ತ್ರಿ" ಎಂದು ನೆಲ ನೋಡಿದ. "ಅಲ್ರಿ" ಎಂದ ಮೈಬೂಬ. "ಹಿಂಗ ಪೇಪರ್ ಹಾಸಿ ಕನ್ನಡ ನಂಬರ್ ಹಾಕಿ ಇಡೂದು ನಮ್ಮ ಸರ್ ಒಬ್ರೇ ಕಲಿಸಿದ್ದು. ನಾನೂ ಗ್ಯಾರೇಜಿನ್ಯಾಗ ಇವತ್ತಿಗೂ ಹಿಂಗೇ ಇಡ್ತೇನಿ. ಗಿರಾಕಿ ನಗ್ತಾರ, ನಗಲಿ. ಇದು ನಮ್ಮ ಸರ್ ಹುಡುಗರ ಕೈ ಇಲ್ಲಾ ಸರ್ ಕೈ." ಎಂದವನು ತಲೆಯೆತ್ತಿ ಮನೆಯ ಕಡೆ ನೋಡಿದ. ನಾನು ಕಿಟಕಿಯಲ್ಲಿ ಎಷ್ಟು ಮುಂದೆ ಬಂದಿದ್ದೆನೆಂದರೆ ಮೂಗು ಸರಳಿನ ಆಚೆ ಇತ್ತು. ಹೊರಗೆ ಬರದೆ ವಿಧಿಯಿರಲಿಲ್ಲ.

"ಸಲಾಮ್ರಿ ಸರ್" ಎಂದು ಎದ್ದು ನಿಂತ. ನಾನು ಅಂಗಳದ ನಡುವೆ ಬಂದು, ಒಂದು ಸಲ ಕೆಮ್ಮಿ, ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ ಮಾತನ್ನು ಹೇಳಿಬಿಟ್ಟೆ. "ಮೈಬೂಬ, ನಾಳೆ ಹುಡುಗರ ಮುಂದ, ಸಾಹೇಬರ ಮುಂದ ನಾನ ಶಾಫ್ಟು ಬಿಚ್ಚಿ ಹಾಕಿ ತೋರಿಸ್ಬೇಕು. ಇಲ್ಲೀತನಕ ಒಮ್ಮಿನೂ ಬಿಚ್ಚಿಲ್ಲಪ್ಪ." ಅವನು ನಗಲಿಲ್ಲ. "ಗೊತ್ತದ್ರಿ ಸರ್" ಎಂದ. ನಾನು ಬೆಚ್ಚಿದೆ. "ಗೊತ್ತದ? ಹ್ಯಾಂಗ?" ಎಂದೆ. "ನಿಮ್ಮ ಉಗುರು ಯಾವಾಗ್ಲೂ ಭಾಳ ಸ್ವಚ್ಛ ಇರ್ತಿದ್ವು ಸರ್. ನಮ್ಮ ಬ್ಯಾಚಿಗೆಲ್ಲ ಗೊತ್ತಿತ್ತು." ನನ್ನ ರಹಸ್ಯವನ್ನು ನನ್ನ ಬೆರಳುಗಳೇ ಪ್ರತಿದಿನ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವು. "ಮತ್ತ ಒಬ್ಬರಾದ್ರೂ ಯಾಕ ಕೇಳಲಿಲ್ಲೋ?" ಎಂದೆ. ಮೈಬೂಬ ತುಸು ನಾಚಿಕೊಂಡು, "ಚಿತ್ರ ಭಾಳ ಛಲೋ ತಗೀತಿದ್ರಿ ಸರ್. ಕೇಳಿದ್ರ ನಿಲ್ಲಿಸಿಬಿಡ್ತೀರಿ ಅನಸ್ತು" ಎಂದ.

ಆಮೇಲೆ ಅವನು ಕೆಲಸಕ್ಕೆ ಕೂತ. ನಾನು ಪಕ್ಕದಲ್ಲಿ ಕೂತೆ. ಕೆಲಸ ಬಲ್ಲವನ ಕೈಯನ್ನು ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ, ನೋಡದೆ ಎಷ್ಟು ಕಳೆದುಕೊಂಡಿದ್ದೆ ಎಂದು ಅವತ್ತು ತಿಳಿಯಿತು. ಮೊದಲು ಗೇರ್ ಬಾಕ್ಸಿನ ಕೆಳಗೆ ಒಂದು ಬೋಗುಣಿ ಇಟ್ಟು ಎಣ್ಣೆ ಇಳಿಸಿದ. ಎಣ್ಣೆ ಮೊದಲು ಇಳಿಸಬೇಕು ಎಂಬುದು ನನ್ನ ನೋಟ್ಸಿನ ಒಂದನೇ ಸಾಲು. ನಾನು ಮರೆತೇಬಿಟ್ಟಿದ್ದೆ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನನಗೇ ಕಿವಿ ಬಿಸಿಯಾಯಿತು. ಒಳಗೆ ಉಳಿದ ಬಟ್ಟಲಿಗೂ ಗೇರ್ ಬಾಕ್ಸಿಗೂ ನಡುವೆ ಟಾಮಿ ಎಂಬ ಕಬ್ಬಿಣದ ಸಲಾಕೆಯ ಚಪ್ಪಟೆ ತುದಿಯನ್ನು ತೂರಿಸಿ, ಅಂಗೈಯಿಂದ ಒಂದು ಪೆಟ್ಟು ಕೊಟ್ಟ. ಜೋರಿನ ಪೆಟ್ಟಲ್ಲ, ಮಲಗಿದ ಮಗುವಿನ ಬೆನ್ನು ತಟ್ಟಿದಷ್ಟೇ. ಟಪ್ಪೆಂದು ಬಟ್ಟಲು ಸಡಿಲಿ ಅವನ ಇನ್ನೊಂದು ಕೈಗೆ ಬಂದು ಕೂತಿತು. ಇಬ್ಬರು ಗಂಡಸರು ಜಗ್ಗಿ ನೆಲಕ್ಕೆ ಬಿದ್ದ ಜಾಗದಲ್ಲಿ ಅಂಗೈಯ ಒಂದು ತಟ್ಟು. "ಎಳೀಬಾರದ್ರಿ ಸರ್. ಸರಳು ಹಿಡದು ಎಳದ್ರ ಜಾಯಿಂಟು ಬಿಚ್ಚಿಕೋತದ. ಬುಡಕ್ಕ ಕೈ ಹಚ್ಚಿ ಎಬ್ಬಿಸ್ಬೇಕು, ಅದಾ ಏಳ್ತದ." ಪುಸ್ತಕದಲ್ಲಿ ಇದು ಇದೆಯೇ ಎಂದು ನೆನಪಿಸಿಕೊಂಡೆ. ಇದೆ, ಸಣ್ಣ ಅಕ್ಷರದಲ್ಲಿ, ಚಿತ್ರದ ಕೆಳಗೆ. ಚಿತ್ರ ಬಿಡಿಸುವ ಉತ್ಸಾಹದಲ್ಲಿ ನಾನು ಸಣ್ಣ ಅಕ್ಷರ ಓದುತ್ತಿರಲಿಲ್ಲ.

ಕೂಡಿಸುವುದು ಬಿಚ್ಚುವುದಕ್ಕಿಂತ ನಾಜೂಕು. ಹೊಸ ಶಾಫ್ಟಿನ ಹಲ್ಲುಗಳನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿದ. ಶಾಫ್ಟನ್ನು ಒಳಗೆ ಹಿಡಿದಿಡುವ ತುದಿಯ ಲಾಕ್ ರಿಂಗನ್ನು ಉಗುರಿನಿಂದ ಮೀಟಿ ನೋಡಿ, ಅದರ ಸೀಳು ಮೇಲಕ್ಕೆ ಬರುವಂತೆ ತಿರುಗಿಸಿಟ್ಟ. ಗೇರ್ ಬಾಕ್ಸಿನ ಬಾಯಲ್ಲಿರುವ ರಬ್ಬರಿನ ಸೀಲಿಗೆ ಕಿರುಬೆರಳಿನಿಂದ ಎಣ್ಣೆ ಸವರಿದ. ಅಷ್ಟು ದಪ್ಪ ಬೆರಳು ಅಷ್ಟು ಮೃದುವಾಗಿ ಓಡಾಡಬಲ್ಲದು ಎಂದು ನಾನು ಎಣಿಸಿರಲಿಲ್ಲ. ಶಾಫ್ಟನ್ನು ಎರಡೂ ಕೈಯಲ್ಲಿ ನೇರ ಹಿಡಿದು, ಸೀಲಿಗೆ ತಾಗದಂತೆ ಒಳಗಿಟ್ಟು, ತುಸು ಹೊರಳಿಸಿ ಹಲ್ಲಿಗೆ ಹಲ್ಲು ಕೂರಿಸಿ, ಒಮ್ಮೆ ನೂಕಿದ. "ಕೇಳಿಸ್ತೇನ್ರಿ ಸರ್?" ಎಂದ. ನನಗೆ ಏನೂ ಕೇಳಿಸಿರಲಿಲ್ಲ. "ಅದು ಕಿವಿಗಿ ಕೇಳೂದಲ್ಲ, ಕೈಗಿ ಕೇಳ್ಬೇಕು. ಲಾಕ್ ಕೂತಿತು" ಎಂದು ಬುಡದ ಬಟ್ಟಲನ್ನು ಹಿಂದಕ್ಕೆ ಜಗ್ಗಿ ತೋರಿಸಿದ. ಅಲುಗಲಿಲ್ಲ. ಮೂರು ತಾಲೂಕಿನಲ್ಲಿ ಈ ಮನುಷ್ಯನಷ್ಟು ಚಂದ ಪಾಠ ಹೇಳುವವರನ್ನು ನಾನು ನೋಡಿಲ್ಲ. ಇವನನ್ನು ನಾನು ಎರಡು ಸಲ ಫೇಲು ಮಾಡಿದ್ದೆ.

ಅಲ್ಲಿಗೆ ನನ್ನ ಕಾರು ಅರ್ಧ ಸರಿಯಾಗಿತ್ತು. ಬೋಲ್ಟು ಬಿಗಿದರೆ ಮುಗಿಯಿತು, ಅವನು ರಜೆಯ ದಿನ ಬೇಗ ಮನೆ ಸೇರಬಹುದಿತ್ತು. ಆದರೆ ಅವನು ಅದೇ ಟಾಮಿ ತೆಗೆದುಕೊಂಡು, ಒಂದು ತಟ್ಟು ತಟ್ಟಿ, ಈಗಷ್ಟೇ ಕೂರಿಸಿದ ಶಾಫ್ಟನ್ನು ಮತ್ತೆ ಹೊರಗೆ ತೆಗೆದ. ಬಸವರಾಜ "ಅಯ್ಯಯ್ಯ" ಅಂದ. ಮೈಬೂಬ ಅಂಗಿಯ ಕಿಸೆಯಿಂದ ಇನ್ನೊಂದು ಹೊಸ ಲಾಕ್ ರಿಂಗು ತೆಗೆದು ನನ್ನ ಅಂಗೈಯಲ್ಲಿಟ್ಟು, "ಈ ಸಲ ಕೈ ನಿಮ್ದು ಸರ್. ನಾ ಬರೀ ನೋಡ್ತೇನಿ" ಎಂದ. ನಾನು ಒರೆಸಿದೆ, ಸವರಿದೆ, ಹಿಡಿದೆ, ನೂಕಿದೆ. ಕೂರಲಿಲ್ಲ. "ಹಗೂರ್ಕ ಹೊಳ್ಳಸ್ರಿ... ಇನ್ನೊಂಚೂರು... ಹಾಂ, ಈಗ." ಮೂರನೆಯ ಸಲ ನೂಕಿದಾಗ ಒಳಗೆಲ್ಲೋ ಒಂದು ಸಣ್ಣ ಟಿಕ್ ಆಗಿ ನನ್ನ ಮೊಣಕೈಯವರೆಗೆ ಹತ್ತಿ ಬಂತು. ಐವತ್ತರ ಅಂಚಿನ ಗಂಡಸು ಹೊಟ್ಟಿನ ಅಂಗಳದಲ್ಲಿ ಕೂತು ಸುಮ್ಮಸುಮ್ಮನೆ ನಕ್ಕದ್ದನ್ನು ನೋಡಿ ಅತ್ತೆಯವರು ಒಳಗಿನಿಂದ ಬಂದು ಏನಾಯಿತೆಂದು ವಿಚಾರಿಸಿದರು. ಮಧ್ಯಾಹ್ನದ ರೊಟ್ಟಿ ಊಟದ ತನಕ ಅದೇ ಶಾಫ್ಟನ್ನು ನಾನು ಇನ್ನೂ ಎರಡು ಸಲ ಬಿಚ್ಚಿ ಕೂರಿಸಿದೆ. ಕೊನೆಯಲ್ಲಿ ಹಾಳೆಯ ೧೧ರಿಂದ ೧ಕ್ಕೆ ಬಂದು, ಗಾಲಿ ನೆಲಕ್ಕಿಳಿಸಿ, ದೊಡ್ಡ ನಟ್ಟು ಬಿಗಿದು, ಹೊಸ ಎಣ್ಣೆ ತುಂಬಿದೆವು. ಅಂಗಳದಲ್ಲೇ ಸ್ಟೇರಿಂಗ್ ಪೂರ್ತಿ ತಿರುವಿ ನಾಲ್ಕು ಸುತ್ತು ಹೊಡೆದೆ. ಕಾರಿನಿಂದ ಒಂದು ಸಪ್ಪಳ ಬರಲಿಲ್ಲ. ಕೋಳಿಗಳು ಮಾತ್ರ ಕೂಗಿಕೊಂಡು ಓಡಿದವು.

ಊಟಕ್ಕೆ ಕೂತಾಗ ನಾನು ಮೈಬೂಬನಿಗೆ, "ನಿನ್ನ ಫೇಲ್ ಮಾಡಿದ್ದಕ್ಕ ನನ್ನ ಮ್ಯಾಲೆ ಸಿಟ್ಟಿಲ್ಲೇನೋ?" ಎಂದು ಕೇಳಿದೆ. ಅವನು ರೊಟ್ಟಿ ಮುರಿಯುತ್ತ ವಿಚಾರ ಮಾಡಿದ. "ಇತ್ರಿ ಸರ್. ಒಂದು ವರ್ಷ ಭಾಳ ಇತ್ತು. ಆದ್ರ ಎಲ್ಲಾರೂ ನಿಮ್ಮ ಪಾಠ ಒಂದು ಸಲ ಕೇಳಿದ್ರು, ನಾ ಮೂರು ಸಲ ಕೇಳ್ದೆ. ಅದರಾಗ ಒಂದೊಂದು ತಲ್ಯಾಗ ಉಳದಾವು." ಎಂದು ಹೇಳಿ ಹೆಚ್ಚು ಮಾತಿಗೆ ಎಡೆಕೊಡದೆ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಹತ್ತಿರಕ್ಕೆ ಎಳೆದುಕೊಂಡ. ಅವತ್ತೇ ನಾನು ಅವನ ಉತ್ತರ ಪತ್ರಿಕೆಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತಿದ್ದಿ ಪೂರ್ಣ ಅಂಕ ಕೊಟ್ಟೆ. ಗಾಡಿ ನೋಡಿಯೇ ಹೇಳಬೇಕು. ಅದಕ್ಕಿಂತ ಸರಿಯಾದ ಉತ್ತರ ಆ ಪ್ರಶ್ನೆಗೆ ಇಲ್ಲ.

ಸೋಮವಾರ ಸಾಹೇಬರು ಬಂದರು. ಹಾರ ತೆಗೆದ ಕಾರಿನ ಸುತ್ತ ನಲವತ್ತು ಹುಡುಗರು ನಿಂತರು. ನನಗಿಂತ ನನ್ನ ಕೈಗೆ ಹೆಚ್ಚು ಗೊತ್ತಿತ್ತು. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿದೆ. ಎಣ್ಣೆ ಇಳಿಸಿದೆ. ಹಾಳೆ ಹಾಸಿ ಅಂಕಿ ಬರೆದೆ. ಅಂಗೈಯಿಂದ ಒಂದು ತಟ್ಟು ತಟ್ಟಿದೆ. ಟಪ್ಪೆಂದು ಶಾಫ್ಟು ಕೈಗೆ ಬಂದಾಗ ಹುಡುಗರು ಚಪ್ಪಾಳೆ ಹೊಡೆದರು. ಅದೇ ಕೈಯಲ್ಲಿ ತಿರುಗಿ ಕೂರಿಸಿ, ಬಟ್ಟಲು ಜಗ್ಗಿ ತೋರಿಸಿದೆ. ಸಾಹೇಬರು ಬೆರಗಾಗಿ, "ಎಷ್ಟು ಸಲೀಸಾಗಿ ಮಾಡಿದಿರಿ! ಈ ಕೈ ಸುಮ್ಮನೆ ಬರುವುದಲ್ಲ. ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೀರಿ?" ಎಂದು ಕೇಳಿದರು. ಪ್ರಿನ್ಸಿಪಾಲರು ನನ್ನ ಪರವಾಗಿ ಇಪ್ಪತ್ತೆರಡು ಎಂದು ಹೇಳಲು ಬಾಯಿ ತೆರೆದಿದ್ದರು. ಅವರಿಗಿಂತ ಮೊದಲೇ ನಾನು, ಗ್ರೀಸಿನ ಕೈ ಒರೆಸುತ್ತ, ನಲವತ್ತು ಹುಡುಗರಿಗೂ ಕೇಳುವಂತೆ, "ನಿನ್ನೆಯಿಂದ ಸರ್. ಅಫಜಲಪುರದ ಮೈಬೂಬ್ ಮಿಸ್ತ್ರಿ ಕಲಿಸಿದ, ನನ್ನ ಹಳೆಯ ವಿದ್ಯಾರ್ಥಿ" ಎಂದೆ.

ಸಾಹೇಬರು ಹೋ ಎಂದು ನಕ್ಕರು, ಅವರು ನಕ್ಕದ್ದು ನೋಡಿ ಪ್ರಿನ್ಸಿಪಾಲರು ಇನ್ನೂ ಜೋರಾಗಿ ನಕ್ಕರು, ಹುಡುಗರೂ ನಕ್ಕರು. "ನಮ್ಮ ಸರ್ ಯಾವಾಗಲೂ ಹಿಂಗೇ, ತಮ್ಮ ದೊಡ್ಡಸ್ತನ ಶಿಷ್ಯರ ಹೆಸರಿಗೆ ಬರದುಬಿಡ್ತಾರ" ಎಂದು ಪ್ರಿನ್ಸಿಪಾಲರು ಹೆಮ್ಮೆಯಿಂದ ಹೇಳಿದರು. ನಾನು "ಇಲ್ರಿ, ಖರೇನೇ ನಿನ್ನೆ" ಎಂದು ಮತ್ತೆ ಶುರು ಮಾಡಿದರೆ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, ಸಾಕು ಸಾಕು ಎಂದು ಸುಮ್ಮನಾಗಿಸಿದರು. ತಪಾಸಣೆಯ ಪುಸ್ತಕದಲ್ಲಿ ಅವರು ಬರೆದ ಶರಾವನ್ನು ಪ್ರಿನ್ಸಿಪಾಲರು ಸಿಬ್ಬಂದಿಗೆಲ್ಲ ಓದಿ ಹೇಳಿದ್ದಾರೆ: "ಎರಡು ದಶಕಗಳ ಪ್ರಾಯೋಗಿಕ ಪರಿಣತಿ ಇದ್ದರೂ ಅತ್ಯಂತ ವಿನಯವಂತ ಬೋಧಕರು." ನಾನು ಅದನ್ನು ತಿದ್ದಿಸಲು ಹೋಗಲಿಲ್ಲ. ಸಾಹೇಬರು ಕೈಯಾರೆ ಬರೆದದ್ದನ್ನು ತಪ್ಪು ಅನ್ನಲು ನಾನು ಯಾರು? ಅಷ್ಟು ವಿನಯವಾದರೂ ನನ್ನಲ್ಲಿ ಇದೆ.